ಆಸಿಡ್ ಬಿದ್ದ ಕೈಗೆ ಸೋಡಾ ಹಾಕಬೇಡಿ

ಸಂಘದಲ್ಲಿ ಗರ್ಬರ್ ವಿಧಾನದಿಂದ ಜಿಡ್ಡು ಪರೀಕ್ಷಿಸುವುದನ್ನು ನೀವು ನೋಡಿರುತ್ತೀರಿ. ಬ್ಯೂಟಿರೋಮೀಟರಿಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ಅಲ್ಲಾಡಿಸಿದರೆ ನಳಿಗೆಯನ್ನು ಬಟ್ಟೆ ಸುತ್ತಿ ಹಿಡಿಯಬೇಕು, ಅಷ್ಟು ಬಿಸಿ. ಈಗ ಹಲವು ಕಡೆ ಯಂತ್ರ ಬಂದಿದೆ, ಆದರೂ ಆಸಿಡ್ ಬಾಟಲಿ ಇರುವ ಸಂಘಗಳು ಇನ್ನೂ ಇವೆ. ಪಾತ್ರೆ ತೊಳೆಯುವ ಕಾಸ್ಟಿಕ್ ಸೋಡಾವೂ ಅಲ್ಲೇ ಇರುತ್ತದೆ.

ಆಸಿಡ್ ಸಿಡಿದರೆ ಮೇಲೆ ಸೋಡಾ ನೀರು ಹಾಕಿ, ಒಂದು ಇನ್ನೊಂದನ್ನು ಮುರಿಯುತ್ತದೆ ಎನ್ನುವವರಿದ್ದಾರೆ. ಮುರಿಯುವುದೇನೋ ನಿಜ. ನಿಮ್ಮ ಮಗಳ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ತಟಸ್ಥೀಕರಣ ಎಂದಿದೆ: ಆಮ್ಲ ಮತ್ತು ಪ್ರತ್ಯಾಮ್ಲ ಸೇರಿ ಲವಣ ಮತ್ತು ನೀರು ಆಗುತ್ತವೆ. ಆದರೆ ಆ ನೀರು ಹುಟ್ಟುವಾಗ ಶಾಖವೂ ಹೊರಬರುತ್ತದೆ. ಒಂದು ಲೀಟರ್ ದ್ರಾವಣದಲ್ಲಿ 40 ಗ್ರಾಂ ಕಾಸ್ಟಿಕ್ ಸೋಡಾ, ಇನ್ನೊಂದು ಲೀಟರಿನಲ್ಲಿ 36.5 ಗ್ರಾಂ ಹೈಡ್ರೋಕ್ಲೋರಿಕ್ ಆಮ್ಲ ಇದ್ದು ಎರಡನ್ನೂ ಬೆರೆಸಿದರೆ ಬಿಸಿ ಸುಮಾರು 6–7 ಡಿಗ್ರಿ ಏರುತ್ತದೆ. ಇದು ತೆಳುವಾದ ದ್ರಾವಣದ ಲೆಕ್ಕ. ಪರೀಕ್ಷೆಯ ಗಂಧಕಾಮ್ಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಮ್ಲವೇ. ಅದು ಸೋಡಾದೊಂದಿಗೆ ಸೇರಿದರೆ ಸುಟ್ಟ ಚರ್ಮ ಮತ್ತೆ ಬೇಯುತ್ತದೆ.

ಅಳತೆಯದು ಇನ್ನೊಂದು ತೊಡಕು. 98 ಗ್ರಾಂ ಗಂಧಕಾಮ್ಲಕ್ಕೆ ಸರಿಯಾಗಿ 80 ಗ್ರಾಂ ಕಾಸ್ಟಿಕ್ ಬೇಕು. ಕೈ ಮೇಲೆ ಎಷ್ಟು ಬಿದ್ದಿದೆ ಎಂದು ಯಾರು ತೂಗುತ್ತಾರೆ? ಸೋಡಾ ಹೆಚ್ಚಾದರೆ ಅದೂ ಚರ್ಮವನ್ನು ತಿನ್ನುತ್ತದೆ. ಮೊಸರಿನ ಹುಳಿಯೂ ಆಮ್ಲವೇ, ಆದರೆ ದುರ್ಬಲ, ಹಾಗಾಗಿ ಕೈಯಲ್ಲಿ ಕಲಸುತ್ತೇವೆ. ಇವೆರಡೂ ಪ್ರಬಲ.

ಹಾಗಾಗಿ ನಲ್ಲಿ ತಿರುಗಿಸಿ, ಕನಿಷ್ಠ 20 ನಿಮಿಷ ಹರಿಯುವ ನೀರಿನಡಿ ಕೈ ಹಿಡಿಯಿರಿ. ಒದ್ದೆ ಬಟ್ಟೆಯಿಂದ ಒರೆಸಿ ಬಿಡಬೇಡಿ. ಸ್ವಲ್ಪ ನೀರು ಆಸಿಡ್ಡನ್ನು ಬಿಸಿ ಮಾಡುತ್ತದೆ, ಧಾರಾಳ ನೀರು ಬಿಸಿಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ನೀರು ಬೀಳುತ್ತಿರುವಾಗಲೇ ಬಳೆ, ಉಂಗುರ, ತೊಯ್ದ ಸೀರೆ ತೆಗೆಯಿರಿ. ನಾಚಿಕೆಯಿಂದ ಸೀರೆ ಹಾಗೇ ಬಿಟ್ಟರೆ ಆಸಿಡ್ ಒಳಗೇ ಉಳಿಯುತ್ತದೆ. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಅಗಲಿಸಿ ಅಷ್ಟೇ ಹೊತ್ತು ತೊಳೆದು ಆಸ್ಪತ್ರೆಗೆ ಹೊರಡಿ.

ಸೋಡಾಕ್ಕೂ ಜಾಗವಿದೆ, ಅದು ನೆಲ. ಆಸಿಡ್ ಚೆಲ್ಲಿದರೆ ದೂರ ನಿಂತು ಅಡುಗೆ ಸೋಡಾ ಉದುರಿಸಿ. ಬುರುಗು ಏಳುತ್ತದೆ. ಮತ್ತೆ ಉದುರಿಸಿದರೂ ಬುರುಗು ಬಾರದಿದ್ದಾಗ ನೀರು ಸುರಿದು ತೊಳೆಯಿರಿ. ಇಲ್ಲಿ ಕಾಸ್ಟಿಕ್ ಬೇಡ.