ಸೀಸಕ, ಶಿರಸ್ತ್ರಾಣ, ಹೆಲ್ಮೆಟ್: ಯುದ್ಧದಲ್ಲಿ ತಲೆಯ ರಕ್ಷಣೆ

‘ಹೆಲ್ಮೆಟ್’ ಎಂದೊಡನೆ ಬೆಂಗಳೂರಿನ ಹೊಸಹಳ್ಳಿಯಂತಹ ಬಡಾವಣೆಯ ಓದುಗನಿಗೆ ನೆನಪಾಗುವುದು ದ್ವಿಚಕ್ರ ವಾಹನ ಮತ್ತು ಸಂಚಾರಿ ಪೊಲೀಸರು ವಿಧಿಸುವ ದಂಡ. ಈ ವಸ್ತುವಿನ ಮೂಲವಾದರೋ ರಣರಂಗ. ಕನ್ನಡದಲ್ಲಿ ಇದಕ್ಕೆ ‘ಸೀಸಕ’ ಎಂಬ ಹಳೆಯ ಪದವಿದ್ದು, ಕುಮಾರವ್ಯಾಸನ ಯುದ್ಧವರ್ಣನೆಗಳಲ್ಲಿ ಬಳಕೆಯಾಗಿದೆ. ಸೀಸವೆಂಬ ಲೋಹದಿಂದ ಮಾಡಿದ್ದರಿಂದ ಈ ಹೆಸರು ಬಂದಿತೆಂದು ವಿದ್ಯಾರ್ಥಿಗಳು ಅರ್ಥ ಹೇಳುವುದನ್ನು ಈ ಲೇಖಕ ಕೇಳಿದ್ದುಂಟು. ಅದು ಸರಿಯಲ್ಲ. ಸಂಸ್ಕೃತದ ‘ಶೀರ್ಷಕ’ವೇ ತದ್ಭವವಾಗಿ ಸೀಸಕವಾಗಿದೆ. ಅಷ್ಟು ಭಾರದ, ಅಷ್ಟು ಮೆದುವಾದ ಲೋಹವನ್ನು ತಲೆಯ ಮೇಲೆ ಹೊತ್ತು ಯಾವ ಯೋಧನೂ ಕಾದಲಾರ.

ಕಾವ್ಯದಲ್ಲಿ ಕಾಣುವ ಸೀಸಕ ಕಲ್ಲಿನಲ್ಲಿ ಅಪರೂಪ. ಕರ್ನಾಟಕದ ವೀರಗಲ್ಲುಗಳಲ್ಲಿ, ವಿಶೇಷವಾಗಿ ತುರುಗೋಳಿನಲ್ಲಿ ಮಡಿದವರ ಕಲ್ಲುಗಳಲ್ಲಿ, ವೀರನ ತಲೆಯ ಮೇಲೆ ಸಾಮಾನ್ಯವಾಗಿ ಕಾಣುವುದು ಕಟ್ಟಿದ ಮುಡಿ. ಇದು ಶಿಲ್ಪಿಯ ರೂಢಿಯೂ ಆಗಿರಬಹುದು. ಮುಖ ಮುಚ್ಚಿದರೆ ವೀರನ ಗುರುತೆಲ್ಲಿ? ಆದರೂ ಇನ್ನೊಂದು ಕಾರಣವನ್ನು ಮರೆಯಲಾಗದು. ಕೌಟಿಲ್ಯನ ಅರ್ಥಶಾಸ್ತ್ರವು ಶಿರಸ್ತ್ರಾಣ, ಕಂಠತ್ರಾಣ, ಕಂಚುಕ ಮೊದಲಾದವುಗಳನ್ನು ಹೇಳುವುದು ಅರಸನ ಆಯುಧಾಗಾರದ ಪ್ರಕರಣದಲ್ಲಿ. ಅಂದರೆ ಶಿರಸ್ತ್ರಾಣದ ಹಿಂದೆ ಒಂದು ಬೊಕ್ಕಸವಿರಬೇಕು. ದನ ಹೊಡೆದೊಯ್ಯುತ್ತಿದ್ದಾರೆಂಬ ಕೂಗು ಕೇಳಿ ಮನೆಯಿಂದ ಓಡಿದವನಿಗೆ ಯಾವ ಆಯುಧಾಗಾರ?

ಕೋವಿ ಬಂದ ಮೇಲೆ ಲೋಹದ ಶಿರಸ್ತ್ರಾಣ ಕ್ರಮೇಣ ಹಿಂದೆ ಸರಿಯಿತು. ಗುಂಡನ್ನು ತಡೆಯಬಲ್ಲಷ್ಟು ದಪ್ಪ ಮಾಡಿದರೆ ಹೊರಲಾಗದು, ತೆಳುವಾದರೆ ತಡೆಯದು. 1914ರಲ್ಲಿ ಯುರೋಪಿನ ಸೈನಿಕರಲ್ಲಿ ಹೆಚ್ಚಿನವರು ಬಟ್ಟೆಯ ಟೋಪಿಯಲ್ಲಿಯೇ ಯುದ್ಧಕ್ಕೆ ಹೊರಟರು. ಕಂದಕದ ಯುದ್ಧ ಈ ಲೆಕ್ಕವನ್ನು ಬದಲಿಸಿತು. ದೇಹ ನೆಲದೊಳಗೆ ಮರೆಯಾಗಿ, ತಲೆಯೊಂದೇ ಮೇಲೆ ಉಳಿಯಿತು. ಅದರ ಮೇಲೆ ಸಿಡಿದ ಫಿರಂಗಿ ಗುಂಡಿನ ಚೂರುಗಳು ಸುರಿದವು. 1915ರಲ್ಲಿ ಫ್ರಾನ್ಸ್ ಏಡ್ರಿಯನ್ ಹೆಲ್ಮೆಟ್ಟನ್ನೂ ಬ್ರಿಟನ್ ಬ್ರೋಡಿ ಹೆಲ್ಮೆಟ್ಟನ್ನೂ ಬಳಕೆಗೆ ತಂದವು. ಜರ್ಮನಿಯ ಉಕ್ಕಿನ ಹೆಲ್ಮೆಟ್ 1916ರಲ್ಲಿ ಬಂದಿತು. ಅಗಲ ಅಂಚಿನ ಬ್ರೋಡಿ ಹೆಲ್ಮೆಟ್ ನೋಡಲು ಬೋರಲು ಹಾಕಿದ ಬೋಗುಣಿಯಂತಿದೆ. ಆ ಅಂಚಿಗೆ ಕಾರಣವುಂಟು: ಅಪಾಯ ಬರುತ್ತಿದ್ದುದು ಮೇಲಿನಿಂದ. ನೇರವಾಗಿ ಬಡಿಯುವ ಬಂದೂಕಿನ ಗುಂಡನ್ನು ತಡೆಯುವುದು ಅದರ ಉದ್ದೇಶವಾಗಿರಲಿಲ್ಲ.

ಮೊದಮೊದಲು ಈ ಹೆಲ್ಮೆಟ್‌ಗಳೂ ಎಲ್ಲರಿಗೆ ಸಾಲುತ್ತಿರಲಿಲ್ಲ. ಬ್ರಿಟಿಷ್ ಪಡೆಗಳು ಅವನ್ನು ಕಂದಕದ ಸಾಮಗ್ರಿಯೆಂದು ಅಲ್ಲಿಯೇ ಇರಿಸಿ, ಸರದಿ ಮುಗಿದಾಗ ಮುಂದಿನ ತುಕಡಿಗೆ ಒಪ್ಪಿಸುತ್ತಿದ್ದವು. ತಲೆಗಳು ಬದಲಾಗುತ್ತಿದ್ದವು, ಹೆಲ್ಮೆಟ್ ಅದೇ.

ಅದೇ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಅಶ್ವದಳವು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ಹಿಡಿಯಿತು. ಜೋಧಪುರ, ಹೈದರಾಬಾದ್ ಮತ್ತು ಮೈಸೂರಿನ ಅಶ್ವದಳಗಳ ನೆನಪಿಗೆ ದೆಹಲಿಯಲ್ಲಿ ನಿಲ್ಲಿಸಿದ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರ ತಲೆಯ ಮೇಲೂ ಇರುವುದು ಪೇಟ.