ಥೇಮ್ಸ್ ದಂಡೆಗೆ ಹೊರಟವರ ತಪ್ಪು ಲೆಕ್ಕ

ಏಪ್ರಿಲ್ ಬಂತೆಂದರೆ ಬಸವಕಲ್ಯಾಣದ ಬಳಿಯ ನಾರಾಯಣಪುರದಲ್ಲಿ ತಂಪಿರುವುದು ಚಾಲುಕ್ಯರ ಕಾಲದ ಶಿವಾಲಯದ ಒಳಗೆ ಮಾತ್ರ. ಹೊರಗೆ ಕಾಲಿಟ್ಟರೆ ನಲವತ್ತು ಡಿಗ್ರಿ ಬಿಸಿಲು. ಪಂಚಾಂಗ ಇದನ್ನೇ ವಸಂತ ಋತು ಎನ್ನುತ್ತದೆ! ಮಕ್ಕಳಿಗೆ ರಜೆ, ತೊಗರಿ ರಾಶಿ ಮುಗಿದು ಕೈಯಲ್ಲಿ ಒಂದಿಷ್ಟು ದುಡ್ಡು, ವೈಶಾಖ ಶುದ್ಧ ತದಿಗೆಗೆ ಬಸವ ಜಯಂತಿ. ಕಲಬುರಗಿ ಮೂಲದವರೂ ಲಂಡನ್ನಿನ ಲ್ಯಾಂಬೆತ್‌ನ ಮೇಯರ್ ಆಗಿದ್ದವರೂ ಆದ ನೀರಜ್ ಪಾಟೀಲರ ಓಡಾಟದ ಫಲವಾಗಿ 2015ರ ನವೆಂಬರ್ 14ರಂದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವೇಶ್ವರರ ಪುತ್ಥಳಿ ಅನಾವರಣಗೊಂಡಿತು. ‘ಒಂದ್ ಸಲ ಜಯಂತಿಗೆ ಅಲ್ಲಿಗೇ ಹೋಗಿ ಬರಬೇಕ್ರಿ’ ಎಂಬ ಆಸೆ ಕಲ್ಯಾಣದವರಿಗೆ ಇರುವುದು ಸಹಜ. ಆಸೆಯಲ್ಲಿ ತಪ್ಪಿಲ್ಲ. ತಪ್ಪಿರುವುದು ಅದರ ಸುತ್ತ ಬೆಳೆದ ಮಾತುಗಳಲ್ಲಿ.

‘ಅಲ್ಲಿನೂ ವಸಂತನೇ ಅಲ್ರಿ, ಸ್ವೆಟರ್ ಯಾಕ?’

ಲಂಡನ್ನಿನ ಏಪ್ರಿಲ್ ಹಗಲು ಸುಮಾರು 15 ಡಿಗ್ರಿ, ರಾತ್ರಿ ಆರೇಳು. ನಡುನಡುವೆ ಜಿಟಿಜಿಟಿ ಮಳೆ. ಬೀದರ ಜಿಲ್ಲೆಯ ಜನವರಿ ಚಳಿಗೆ ಹೊದೆಯುವುದೆಲ್ಲ ಅಲ್ಲಿನ ವಸಂತಕ್ಕೂ ಬೇಕು. ಇನ್ನೊಂದು ಸಂಗತಿ: ಅಲ್ಲಿ ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದೆ ಹಾಕುತ್ತಾರೆ. ಹಾಗಾಗಿ ಏಪ್ರಿಲ್ ಕೊನೆಗೆ ಸಂಜೆ ಎಂಟು ದಾಟಿದರೂ ಬೆಳಕಿರುತ್ತದೆ, ತಿರುಗಾಡಲು ದಿನ ಉದ್ದ. ಹೂವಿಗಾಗಿಯೇ ಹೋಗುವವರಿಗೆ ತಾರೀಖೇ ಮುಖ್ಯ. ನೆದರ್‌ಲ್ಯಾಂಡ್ಸ್‌ನ ಕ್ಯೂಕೆನ್‌ಹಾಫ್ ಟ್ಯುಲಿಪ್ ತೋಟ ವರ್ಷಕ್ಕೆ ಸುಮಾರು ಎಂಟು ವಾರ ಮಾತ್ರ, ಮಾರ್ಚ್ ನಡುವಿನಿಂದ ಮೇ ನಡುವಿನವರೆಗೆ ತೆರೆದಿರುತ್ತದೆ. ಮೇ ಕೊನೆಗೆ ಹೋದವರು ಬಾಗಿಲ ಫೋಟೋ ತೆಗೆದುಕೊಂಡು ಬರಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ವಸಂತ ಬರುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಅವು ದಸರಾ ರಜೆಯ ಊರುಗಳು.

ಜಯಂತಿಯೂ ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. 2024ರಲ್ಲಿ ಮೇ 10, 2025ರಲ್ಲಿ ಏಪ್ರಿಲ್ 30. ಹಿಂದಿನ ವರ್ಷ ಹೋದವರ ತಾರೀಖು ಕೇಳಿ ಟಿಕೆಟ್ ಮಾಡಿಸಿದರೆ ಕೆಟ್ಟಿರಿ.

‘ಪಾಸ್‌ಪೋರ್ಟಿಗೆ ಬೆಂಗಳೂರು, ವೀಸಾಕ್ಕೆ ಮುಂಬೈ ತಿರುಗಬೇಕು’

ಇದು ಹಳೆಯ ಮಾತು. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 2018ರಿಂದ ದೇಶದ ಯಾವ ಊರಿನಲ್ಲಾದರೂ ಅರ್ಜಿ ಹಾಕಬಹುದು. ಪೊಲೀಸರು ವಿಚಾರಿಸಲು ಬರುವುದು ಮಾತ್ರ ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೆ. ದೊಡ್ಡವರ 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಪೊಲೀಸ್ ಪರಿಶೀಲನೆಗೆಂದು ಬೇರೆ ಶುಲ್ಕವಿಲ್ಲ. ‘ಚಾ ನೀರಿಗೆ’ ಎಂಬುದು ಯಾವ ನಿಯಮದಲ್ಲೂ ಇಲ್ಲ. ಬ್ರಿಟನ್ನಿನ ವೀಸಾ ಅರ್ಜಿ ಕೇಂದ್ರ ಹೈದರಾಬಾದಿನಲ್ಲಿದೆ. ಬಸವಕಲ್ಯಾಣದಿಂದ ಹುಮನಾಬಾದ್ ದಾಟಿ 65ನೇ ಹೆದ್ದಾರಿಯಲ್ಲಿ ಸುಮಾರು 180 ಕಿ.ಮೀ. ಬೆಳಿಗ್ಗೆ ಬೆರಳಚ್ಚು ಕೊಟ್ಟು ರಾತ್ರಿ ಊಟಕ್ಕೆ ಮನೆಗೆ ಬರಬಹುದು.

‘ಯುರೋಪ್ ವೀಸಾ ಇದ್ರ ಲಂಡನ್ನೂ ಅದರಾಗೇ ಬಂತು’

ಬರುವುದಿಲ್ಲ. ಅತಿ ದುಬಾರಿ ತಪ್ಪು ಇದೇ. ಶೆಂಗೆನ್ ವೀಸಾ 29 ದೇಶಗಳಿಗೆ ನಡೆಯುತ್ತದೆ, ಬ್ರಿಟನ್ ಅವುಗಳಲ್ಲಿ ಒಂದಲ್ಲ. ಪ್ಯಾರಿಸ್ ಮತ್ತು ಲಂಡನ್ ಒಂದೇ ಪ್ರವಾಸದಲ್ಲಿ ಬೇಕೆಂದರೆ ಎರಡು ಅರ್ಜಿ, ಎರಡು ಶುಲ್ಕ. ಸಮಯದ ಲೆಕ್ಕವೂ ಬೇರೆ ಬೇರೆ. ಶೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಜತೆಗೆ ಕನಿಷ್ಠ 30,000 ಯೂರೋದ ಪ್ರವಾಸ ವಿಮೆ ಕಡ್ಡಾಯ. ಬ್ರಿಟನ್ನಿನ ಸಂದರ್ಶಕ ವೀಸಾಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ, ಉತ್ತರ ಬರಲು ಸಾಮಾನ್ಯವಾಗಿ ಮೂರು ವಾರ. ಅಂದರೆ ಏಪ್ರಿಲ್ ಕೊನೆಯ ಪ್ರಯಾಣಕ್ಕೆ ಜನವರಿ ಕೊನೆಗೆ ಬಾಗಿಲು ತೆರೆಯುತ್ತದೆ. ಸಂಕ್ರಾಂತಿ ಮುಗಿಯುವಷ್ಟರಲ್ಲಿ ಕಾಗದಪತ್ರ ಸಿದ್ಧವಿರಬೇಕು. ಯುಗಾದಿಗೆ ಬೇವು ಬೆಲ್ಲ ತಿಂದು ಯೋಚನೆ ಶುರು ಮಾಡುವವರಿಗೆ ಆ ವರ್ಷ ಬೇವೇ ಗತಿ.

‘ಖಾತೆಯಾಗ ಐದಾರು ಲಕ್ಷ ತೋರಿಸಿದ್ರ ಸಾಕು’

ಅಳಿಯನಿಂದಲೋ ಅಡತಿ ಅಂಗಡಿಯವರಿಂದಲೋ ಹಣ ತಂದು ಅರ್ಜಿಯ ಹಿಂದಿನ ವಾರ ಖಾತೆಗೆ ಹಾಕುವುದು ರೂಢಿಯಾಗಿದೆ. ವೀಸಾ ಅಧಿಕಾರಿ ನೋಡುವುದು ಕೊನೆಯ ಸಾಲಿನ ಮೊತ್ತವನ್ನಲ್ಲ, ತಿಂಗಳುಗಟ್ಟಲೆ ಹಣ ಬಂದು ಹೋದ ರೀತಿಯನ್ನು. ಎಲ್ಲಿಂದ ಬಂತೆಂದು ಹೇಳಲಾಗದ ದೊಡ್ಡ ಮೊತ್ತ ಅರ್ಜಿಗೆ ಬಲ ತರುವ ಬದಲು ಅನುಮಾನ ತರುತ್ತದೆ.

ಇದರ ಬೆನ್ನಿಗೇ ಬರುವ ಇನ್ನೊಂದು ಮಾತು, ‘ರಿಟರ್ನ್ಸ್ ಇಲ್ಲದ ರೈತರಿಗೆ ವೀಸಾ ಇಲ್ಲ’ ಎಂಬುದು. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆಯೇ ಇಲ್ಲ. ರಿಟರ್ನ್ಸ್ ಇದ್ದರೆ ಒಳ್ಳೆಯದು, ಇಲ್ಲದ ಮಾತ್ರಕ್ಕೆ ಅರ್ಜಿ ಬೀಳುವುದಿಲ್ಲ. ಪಹಣಿ, ಎಪಿಎಂಸಿಯಲ್ಲಿ ತೊಗರಿ ಮಾರಿದ ಪಟ್ಟಿ, ಕಾರ್ಖಾನೆಯ ಕಬ್ಬಿನ ಬಿಲ್ಲು, ಆ ಹಣ ಬ್ಯಾಂಕಿಗೆ ಬಂದ ದಾಖಲೆ: ಇವು ಒಂದಕ್ಕೊಂದು ತಾಳೆಯಾದರೆ ಅದೇ ಒಳ್ಳೆಯ ಸಾಕ್ಷಿ. ಪಹಣಿ ಕನ್ನಡದಲ್ಲಿರುತ್ತದೆ. ಅದಕ್ಕೆ ಅನುವಾದಕರ ಸಹಿ, ಹೆಸರು, ತಾರೀಖು ಇರುವ ದೃಢೀಕೃತ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ‘ಮಗ ಅಲ್ಲೇ ಅದಾನ, ಪತ್ರ ಕಳಸ್ತಾನ’ ಎನ್ನುವುದೂ ಅರ್ಧ ಸತ್ಯ. ಖರ್ಚು ಯಾರದೆಂಬುದಕ್ಕೆ ಮಗನ ಪತ್ರ ಉತ್ತರವಾದೀತು. ಅಧಿಕಾರಿಯ ಮುಖ್ಯ ಪ್ರಶ್ನೆ, ಈ ಮನುಷ್ಯ ತಿರುಗಿ ಬರುತ್ತಾನೆಯೇ ಎಂಬುದು. ಅದಕ್ಕೆ ಉತ್ತರ ಊರಲ್ಲಿರುವ ಹೊಲ, ನೌಕರಿ, ಸಂಸಾರ.

ಕಾಶ್ಮೀರದ ಕವಿ ಬಿಲ್ಹಣ ಆರನೆಯ ವಿಕ್ರಮಾದಿತ್ಯನ ಆಸ್ಥಾನಕ್ಕೆಂದು ಇದೇ ಕಲ್ಯಾಣಕ್ಕೆ ಬಂದಾಗ ಯಾರೂ ಪಾಸ್‌ಬುಕ್ ಕೇಳಿರಲಿಲ್ಲ. ಕಾಲ ಬದಲಾಗಿದೆ.

‘ಗ್ಯಾರಂಟಿ ವೀಸಾ’ ಎನ್ನುವ ಏಜೆಂಟರನ್ನು ನಂಬಬೇಡಿ. ವೀಸಾ ಕೊಡುವುದು ನೀವು ಹೋಗುವ ದೇಶದ ಸರ್ಕಾರ, ನಿರಾಕರಿಸಿದರೆ ಶುಲ್ಕ ತಿರುಗಿ ಬರುವುದಿಲ್ಲ. ಟಿಕೆಟ್ ಮೊದಲು ತೆಗೆದರೆ ವೀಸಾ ಸಿಗುತ್ತದೆ ಎಂಬುದೂ ಸುಳ್ಳು. ಹಣ ಮರಳದ ಟಿಕೆಟನ್ನು ವೀಸಾ ಕೈಗೆ ಬರುವ ಮುನ್ನ ಕೊಳ್ಳಬೇಡಿ ಎಂದು ಬ್ರಿಟನ್ನೇ ಹೇಳುತ್ತದೆ. ಇನ್ನು ಪ್ಯಾಕೇಜ್ ಬಿಲ್ಲಿನಲ್ಲಿ ಟಿಸಿಎಸ್ ಎಂದು ಹಿಡಿದ ಹಣ ಮುಳುಗಿತೆಂದು ಕೊರಗುವವರಿದ್ದಾರೆ. ಅದು ನಿಮ್ಮ ಪ್ಯಾನ್ ಹೆಸರಿನಲ್ಲಿ ಮುಂಗಡವಾಗಿ ಜಮೆಯಾದ ತೆರಿಗೆ, ರಿಟರ್ನ್ಸ್ ಸಲ್ಲಿಸಿದರೆ ಹೊಂದಾಣಿಕೆಯಾಗುತ್ತದೆ ಇಲ್ಲವೇ ಮರಳುತ್ತದೆ.

‘ಮನೆ ತುಪ್ಪ, ಖೋವಾ ಪೇಡೆ ಒಯ್ದ್ರ ಯಾರು ಬ್ಯಾಡ ಅಂತಾರ?’

ಲಂಡನ್ನಿನ ಕಸ್ಟಮ್ಸ್ ಅಂತಾರೆ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಒಯ್ಯುವಂತಿಲ್ಲ. ಕಟಕ ಜೋಳದ ರೊಟ್ಟಿಗೂ ಶೇಂಗಾ ಹಿಂಡಿಗೂ ಆ ತಕರಾರಿಲ್ಲ. ಎಣ್ಣೆ ತೇಲುವ ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಇಡದೆ ದೊಡ್ಡ ಪೆಟ್ಟಿಗೆಯಲ್ಲಿಡಿ.

ಇಷ್ಟೆಲ್ಲ ಖರ್ಚು ಬೇಡ ಎನ್ನುವವರಿಗೆ ನೇಪಾಳವೂ ವಿದೇಶವೇ. ಮಾರ್ಚ್-ಏಪ್ರಿಲ್‌ನಲ್ಲಿ ಅಲ್ಲಿನ ಗುಡ್ಡಗಳ ಮೇಲೆ ರಾಷ್ಟ್ರಪುಷ್ಪ ಲಾಲಿಗುರಾಂಸ್ ಕೆಂಪಗೆ ಅರಳುತ್ತದೆ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ‘ಆಧಾರ್ ಇದ್ರ ಸಾಕು’ ಎಂದು ಹೊರಡಬೇಡಿ. ಆಧಾರ್ ನಡೆಯುವುದು 15 ವರ್ಷದೊಳಗಿನವರಿಗೆ, 65 ದಾಟಿದವರಿಗೆ; ಉಳಿದವರಿಗೆ ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. ಅಜ್ಜನನ್ನೂ ಮೊಮ್ಮಗನನ್ನೂ ಒಳಗೆ ಬಿಟ್ಟು ನಡುವಿನವರನ್ನು ತಡೆದರೆ ಪ್ರವಾಸ ಅಲ್ಲಿಗೇ ಮುಗಿಯಿತು.

ಲಂಡನ್ನೋ ಕಠ್ಮಂಡುವೋ, ಟಿಕೆಟ್ ದರ ನೋಡುವ ಮೊದಲು ಟ್ರಂಕಿನಲ್ಲಿರುವ ಪಾಸ್‌ಪೋರ್ಟ್ ತೆಗೆದು ಅವಧಿ ಯಾವಾಗ ಮುಗಿಯುತ್ತದೆ ನೋಡಿ. ಒಂದು ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಈಗಲೇ ಹೊಸದಕ್ಕೆ ಅರ್ಜಿ ಹಾಕಬಹುದು.