ಬೀಗ ಬಿದ್ದ ಮನೆಯ ನೆರೆಯಲ್ಲಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ—ಈ ನಾಲ್ಕರಲ್ಲಿ ಯಾವ ಊರಿನ ಹಳೆಯ ಬೀದಿಯಲ್ಲಿ ನಡೆದರೂ ತುಕ್ಕು ಹಿಡಿದ ಬೀಗವೊಂದು ಕಣ್ಣಿಗೆ ಬೀಳದಿರದು. ಹಿರಿಯರು ತೀರಿಕೊಂಡರು, ಮಕ್ಕಳು ಬೆಂಗಳೂರಿಗೋ ಕಡಲಾಚೆಗೋ ಹೋದರು, ಮನೆ ಮಾತ್ರ ಉಳಿಯಿತು.

ಮಣ್ಣುಗೋಡೆಯ ಹೆಂಚಿನ ಮನೆ ಒಮ್ಮೆಲೇ ಬೀಳುವುದಿಲ್ಲ. ಮೊದಲು ಜಾರುವುದು ಒಂದೇ ಹೆಂಚು. ಜನ ವಾಸವಾಗಿದ್ದರೆ ಮುಂಗಾರಿಗೆ ಮುನ್ನ ಹೆಂಚು ಕೈಯಾಡಿಸುತ್ತಿದ್ದರು. ಈಗ ಆ ಕಿಂಡಿಯಿಂದಿಳಿದ ನೀರು ಜಂತಿಯನ್ನು ನೆನೆಸುತ್ತದೆ. ನೆನೆದ ಮರಕ್ಕೆ ಗೆದ್ದಲು ಹತ್ತುತ್ತದೆ. ಜಂತಿ ಕುಸಿದೊಡನೆ ಗೋಡೆಯ ನೆತ್ತಿ ಬಯಲಾಗಿ ಮಳೆಗೆ ಕರಗತೊಡಗುತ್ತದೆ. ಅದು ಎರಡು ಮನೆಗೂ ಸೇರಿದ ಜಂಟಿ ಗೋಡೆಯಾಗಿದ್ದರೆ, ಅದರ ಇನ್ನೊಂದು ಮಗ್ಗುಲಲ್ಲಿ ಕೂಸನ್ನು ಮಲಗಿಸಿಕೊಂಡ ತಾಯಿಗೆ ನಿದ್ದೆಯೆಲ್ಲಿಯದು?

ಕಾನೂನು ಮೂಕವಾಗಿಲ್ಲ. 1964ರ ಪುರಸಭೆಗಳ ಕಾಯಿದೆಯು ಪಟ್ಟಣ ಪಂಚಾಯತಿಗಳಿಗೂ ಅನ್ವಯಿಸುತ್ತದೆ. ಬೀಳುವಂತಿರುವ ಕಟ್ಟಡವನ್ನು ದುರಸ್ತಿ ಮಾಡಿಸಬೇಕೆಂದು, ಇಲ್ಲವೇ ಕೆಡವಬೇಕೆಂದು ಅದರಡಿಯಲ್ಲಿ ಒಡೆಯನಿಗೆ ನೋಟೀಸು ಕೊಡಬಹುದು. ಅವನು ಕಿವಿಗೊಡದಿದ್ದರೆ ಪುರಸಭೆಯೇ ಕೆಲಸ ಮಾಡಿಸಿ ಖರ್ಚನ್ನು ವಸೂಲು ಮಾಡಬಹುದು.

ತೊಡಕಿರುವುದು, ಒಡೆಯನಾರೆಂಬಲ್ಲಿ! ಖಾತೆ ಇನ್ನೂ ಸತ್ತ ಅಜ್ಜನ ಹೆಸರಿನಲ್ಲಿ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ದೊರೆತದ್ದು ನ್ಯಾಯವೇ ಸರಿ; ಸಹಿ ಹಾಕಬೇಕಾದವರ ಪಟ್ಟಿ ಮಾತ್ರ ಉದ್ದವಾಯಿತು. ಕಚೇರಿಗೆ ವಂಶವೃಕ್ಷ ಬರೆಯಿಸಿ ಒಪ್ಪಿಸುವಷ್ಟರಲ್ಲಿ ಗೋಡೆಯ ಅಶ್ವತ್ಥವೃಕ್ಷ ಆಳೆತ್ತರವಾಗಿರುತ್ತದೆ. ಅದನ್ನು ಕಡಿಯಲು ಮನಸ್ಸು ಬಾರದವರೂ ನಮ್ಮಲ್ಲಿ ಬಹಳ ಮಂದಿ.

ಖಾಲಿ ನಿವೇಶನಗಳದು ಬೇರೊಂದು ಪಾಡು. ಚನ್ನರಾಯಪಟ್ಟಣ ತೆಂಗಿನ ಸೀಮೆ. ಎಸೆದ ಎಳನೀರು ಬುರುಡೆಯಲ್ಲಿ ನಿಂತ ಮಳೆನೀರು ಡೆಂಗೆ ಸೊಳ್ಳೆಗೆ ತೊಟ್ಟಿಲು. ಸರ್ಕಾರವು 2024ರ ಸೆಪ್ಟೆಂಬರಿನಲ್ಲಿ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಗೊಡುವ ಸ್ಥಳಗಳಿಗೆ ದಂಡ ಗೊತ್ತುಮಾಡಿತು: ಪಟ್ಟಣದ ಮನೆಗೆ 400 ರೂಪಾಯಿ, ಖಾಲಿ ನಿವೇಶನಕ್ಕೂ ಅರ್ಧಕ್ಕೆ ನಿಂತ ಕಟ್ಟಡಕ್ಕೂ 2,000. ಕಸ ಸುರಿಯುವವರು ನೆರೆಯವರು, ದಂಡ ತೆರಬೇಕಾದವನು ಊರಿನಲ್ಲೇ ಇಲ್ಲದ ಒಡೆಯ ಎಂಬ ಚೋದ್ಯವೂ ಇದರಲ್ಲುಂಟು.

ಗೋಡೆ ಬಿರುಕು ಬಿಟ್ಟ ನೆರೆಯವರು ಬಾಯಿಮಾತಿನಲ್ಲಿ ದೂರಿಕೊಂಡರೆ ಸಾಲದು. ಛಾಯಾಚಿತ್ರ ಲಗತ್ತಿಸಿ, ಕಂದಾಯದ ಪುಸ್ತಕದಲ್ಲಿರುವ ಆಸ್ತಿಯ ಸಂಖ್ಯೆ ಕಾಣಿಸಿ, ಮುಖ್ಯಾಧಿಕಾರಿಗಳಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯನ್ನು ತಾರೀಖಿನೊಡನೆ ಪಡೆಯಬೇಕು. ಒಡೆಯ ಸಿಕ್ಕದಿದ್ದರೆ ನೋಟೀಸನ್ನು ಆ ಕಟ್ಟಡಕ್ಕೇ ಅಂಟಿಸಿ ಮುಂದುವರಿಯಬಹುದು. ಜೂನ್ ಮಳೆ ಹಿಡಿಯುವ ಮುನ್ನವೇ, ಏಪ್ರಿಲಿನಲ್ಲಿ, ಅರ್ಜಿ ಹೋಗಿರುವುದು ಲೇಸು.